ತಿರುಗಿಸಿಟ್ಟ ಮಂಚ

ನವೆಂಬರಿನ ಬೆಳಗು. ಬರ್ಮಿಂಗ್‌ಹ್ಯಾಮಿನ ಹ್ಯಾಂಡ್ಸ್‌ವರ್ತ್‌ನಲ್ಲಿ ಬೀದಿದೀಪಗಳು ಇನ್ನೂ ಆರಿಲ್ಲ. ಬಸ್ಸಿಳಿದು ಬಂದ ಅಂಬುಜಾ ಒಂದು ಸಾಲುಮನೆಯ ಗೋಡೆಗೆ ಜಡಿದ ಪುಟ್ಟ ಪೆಟ್ಟಿಗೆಯ ಗುಂಡಿಗಳನ್ನು ಒತ್ತಿ ಬೀಗದಕೈ ತೆಗೆಯುತ್ತಾರೆ. ಬಾಗಿಲು ತೆರೆದ ಮೇಲೆ ಬೀದಿಯ ಕಡೆ ಮುಖ ಮಾಡಿಕೊಂಡು, ಬೆನ್ನು ಮುಂದಾಗಿ ಒಳಗೆ ಕಾಲಿಡುತ್ತಾರೆ. ಗೊತ್ತಿಲ್ಲದವರು ನೋಡಿದರೆ ಪಾಪ, ಈ ಹೆಂಗಸಿಗೆ ಏನೋ ಆಗಿದೆ ಅಂದುಕೊಳ್ಳಬೇಕು.

"ಕತ್ಲಲ್ಲಿ ಬಂದ್ರೆ ಹಿಂದೇನೇ ದೆವ್ವ ಬರತ್ತಂತೆ. ಅದಕ್ಕೆ ಮುಖ ಕೊಟ್ಕೊಂಡು ಒಳಗೆ ಬಂದ್ರೆ ಹೊಸ್ಲು ದಾಟಲ್ವಂತೆ. ತಾತ ಹೇಳ್ಕೊಟ್ಟಿದ್ದು. ನಗಬೇಡಿ ಮತ್ತೆ," ಎನ್ನುತ್ತಾರೆ.

ಈ ತಾತನ ಹೆಸರು ಎಗ್ಬರ್ಟ್. ಜಮೈಕಾ ದ್ವೀಪದ ಸೇಂಟ್ ಥಾಮಸ್ ಕಡೆಯವರು. ಹರೆಯದಲ್ಲಿ ಹಡಗು ಹತ್ತಿ ಬಂದು ಇಲ್ಲಿನ ಎರಕದ ಕಾರ್ಖಾನೆಯಲ್ಲಿ ಜೀವ ತೇಯ್ದು, ಈಗ ಎದ್ದು ನಿಲ್ಲಲೂ ಇನ್ನೊಬ್ಬರ ಕೈ ಬೇಕಾದ ಸ್ಥಿತಿಗೆ ಬಂದಿದ್ದಾರೆ. ಆ ಕೈ ಅಂಬುಜಾ ಅವರದು. ಮೂತ್ರದ ಚೀಲ ಬದಲಿಸುವುದು, ಮೈ ಒರೆಸುವುದು, ಮಾತ್ರೆ ನುಂಗಿಸುವುದು, ಮೆಕ್ಕೆಜೋಳದ ಹಿಟ್ಟಿನ ಗಂಜಿ ಕಾಯಿಸಿ ಕುಡಿಸುವುದು ಅವರ ಕೆಲಸ. ಇಲ್ಲಿ ಮುಗಿಸಿ, ಕೆಲಸಕ್ಕಿಟ್ಟ ಏಜೆನ್ಸಿ ಕೊಟ್ಟ ದಿನದ ಪಟ್ಟಿಯಲ್ಲಿರುವ ಮುಂದಿನ ಮನೆ, ಅಲ್ಲಿಂದ ಮತ್ತೊಂದು. ಹಾರ್ಬೋರ್ನ್‌ನಲ್ಲಿ ಇಂಥದೇ ಕೆಲಸದ ಮೂವರ ಜೊತೆ ಹಂಚಿಕೊಂಡ ಕೋಣೆಗೆ ಮರಳುವ ಹೊತ್ತಿಗೆ ಸೊಂಟ ಬಿದ್ದುಹೋಗಿರುತ್ತದೆ. ಇವರ ದುಡಿಮೆಯನ್ನು ಕಂಡವರು ಹಾಸಿಗೆ ಹಿಡಿದವರು ಮಾತ್ರ.

ಮೈಸೂರಿನ ನರ್ಸಿಂಗ್ ಹೋಮೊಂದರಲ್ಲಿ ಆಯಾ ಆಗಿದ್ದವರು ಅಂಬುಜಾ. ಗಂಡ ತಿಮ್ಮಯ್ಯ ತೀರಿಕೊಂಡ ಮೇಲೆ, ಮಗಳು ಸಿಂಚನಾಳನ್ನು ತಂಗಿಯ ಮನೆಯಲ್ಲಿ ಬಿಟ್ಟು ಆರೈಕೆ ಕೆಲಸದವರಿಗೆ ಕೊಡುವ ಕೇರ್ ವೀಸಾದ ಮೇಲೆ ಬಂದರು. ಮೊದಲು ಅವರಿಗೆ ತಾತನ ಇಂಗ್ಲಿಷ್ ತಲೆಬುಡ ತಿಳಿಯುತ್ತಿರಲಿಲ್ಲ. ಮಾತು ಕೂಡಿಬಂದದ್ದು ದೆವ್ವಗಳಿಂದಲೇ. ಸ್ನಾನ ಬೇಡವೆಂದು ಹಟ ಮಾಡುವ ತಾತ, ದೆವ್ವದ ಕತೆ ಹೇಳಿ ಎಂದು ಇವರು ಕೇಳಿದರೆ ಸಾಕು, ಮಗುವಿನಂತೆ ಕೈ ಎತ್ತುತ್ತಿದ್ದರು. ಕೆಂಡದ ಕಣ್ಣಿನ ಹೋರಿಯೊಂದು ಸರಪಳಿ ಎಳೆದುಕೊಂಡು ಕಬ್ಬಿನ ಗದ್ದೆಯ ದಾರಿಯಲ್ಲಿ ಅಟ್ಟಿಸಿಕೊಂಡು ಬರುತ್ತದಂತೆ. ಬೂರುಗದ ಮರದ ಬುಡದಲ್ಲಿ ಸತ್ತವರು ಸಭೆ ಸೇರುತ್ತಾರಂತೆ.

"ನಮ್ ಕಡೆ ಹುಣಸೆಮರ, ಅವರ ಕಡೆ ಬೂರುಗದ ಮರ," ಎಂದು ನಗುತ್ತಾರೆ ಅಂಬುಜಾ. ಆ ನಗು ಬಹಳ ಹೊತ್ತು ನಿಲ್ಲುವುದಿಲ್ಲ.

ಕಳೆದ ವಸಂತದಲ್ಲಿ ತಾತನ ಹೆಂಡತಿ ಐಸಿಲ್ಡಾ ಕಿಟಕಿಯ ಪಕ್ಕದ ಮಂಚದಲ್ಲೇ ಪ್ರಾಣ ಬಿಟ್ಟರು. ಒಂಬತ್ತು ರಾತ್ರಿ ಬಂಧುಬಳಗ ಸೇರಿ ಹಾಡಿದರು, ರಮ್ ಕುಡಿದರು, ಡಾಮಿನೋಸ್ ಆಡಿದರು. ಕೊನೆಯ ರಾತ್ರಿ ಹಾಸಿಗೆ ಮಗುಚಿ, ಮಂಚವನ್ನು ಎದುರು ಗೋಡೆಗೆ ಒಯ್ದು, ಬೀರುವಿನ ಜಾಗ ಬದಲಿಸಿದರು. ಸತ್ತವಳು ಬಂದರೂ ತನ್ನ ಕೋಣೆಯ ಗುರುತು ಸಿಗದೆ ಹೊರಟುಹೋಗಲಿ ಎಂಬುದು ಆ ದ್ವೀಪದವರ ಪದ್ಧತಿ.

ಆ ದಿನಗಳಲ್ಲಿ ಅಂಬುಜಾಗೆ ಬೇರೆ ಮನೆಗಳ ಕೆಲಸವಿತ್ತು. ಮರಳಿ ಬಂದವರಿಗೆ ಕೋಣೆ ಅಸ್ತವ್ಯಸ್ತವಾಗಿ ಕಂಡಿತು. ನೆಂಟರು ಕೂರಲು ಜಾಗ ಮಾಡಿಕೊಂಡಿರಬೇಕು, ತಾತನನ್ನು ಹಿಡಿದೆಬ್ಬಿಸಲು ಇಕ್ಕಟ್ಟಾಗುತ್ತದೆ ಎಂದು ಎಲ್ಲವನ್ನೂ ಮೊದಲಿನಂತೆ ಜೋಡಿಸಿದರು. ಸಾಲದೆಂಬಂತೆ, ತಿಮ್ಮಯ್ಯನವರಿಗೆ ಇಟ್ಟ ಹಾಗೆ, ಐಸಿಲ್ಡಾ ತಲೆಯಿಟ್ಟಿದ್ದ ಕಡೆ ಸ್ಟೀಲ್ ಬಟ್ಟಲಲ್ಲಿ ಎಣ್ಣೆ ಹಾಕಿ ದೀಪ ಹಚ್ಚಿಟ್ಟರು.

ಮಧ್ಯಾಹ್ನ ಬಂದ ತಾತನ ಮಗಳು ಮಾರ್ವಾ ಅದನ್ನು ಕಂಡು ಚೀರಿದರು. ದೂರು ಏಜೆನ್ಸಿಗೆ ಹೋಯಿತು. ಮಂಚ ಮತ್ತೆ ಎದುರು ಗೋಡೆಗೆ ಹೋಯಿತು. ಇನ್ನೊಂದು ದೂರು ಬಂದರೆ ಕೆಲಸವಿಲ್ಲ ಎಂದರು ಏಜೆನ್ಸಿಯವರು. ಕೆಲಸ ಹೋದರೆ ವೀಸಾವೂ ಹೋದಂತೆಯೇ.

"ತಪ್ಪು ನಂದೇ," ಎನ್ನುತ್ತಾರೆ ಅಂಬುಜಾ. "ಸತ್ತೋರಿಗೆ ದಾರಿ ಕಾಣ್ಲಿ ಅಂತ ನಾವು ದೀಪ ಇಡ್ತೀವಿ. ದಾರಿ ತಪ್ಲಿ ಅಂತ ಅವರು ಮಂಚ ತಿರುಗಿಸ್ತಾರೆ. ನಂಗೇನು ಗೊತ್ತಿತ್ತು ಹೇಳಿ?"

ಅಷ್ಟಕ್ಕೆ ಮುಗಿದಿದ್ದರೆ ಚೆನ್ನಾಗಿತ್ತು. ಅಂದಿನಿಂದ ತಾತ ಕತೆ ಹೇಳುವುದನ್ನು ಬಿಟ್ಟರು, ಊಟ ಅರ್ಧಕ್ಕಿಳಿಯಿತು. ಒಂದು ಬೆಳಗ್ಗೆ ಇವರ ಮುಂಗೈ ಹಿಡಿದು ಕೇಳಿದರು: "ಮಿಸ್ ಅಂಬು, ಮಂಚ ಕಿಟಕಿ ಹತ್ರ ಹಾಕು. ಆವತ್ತು ದೀಪ ಇತ್ತಲ್ಲ, ಐಸಿಲ್ಡಾ ಬಂದು ನನ್ ಪಕ್ಕದಲ್ಲೇ ಕೂತಿದ್ಲು."

"ನಿಮಗೆ ಭಯ ಆಗ್ಲಿಲ್ವಾ?"

"ಆಯ್ತು. ಆದ್ರೂ ಬರ್ಲಿ."

ಎದೆ ಗಟ್ಟಿ ಮಾಡಿಕೊಂಡು ಅಂಬುಜಾ ತಾತನ ಮಗಳ ಹತ್ತಿರ ವಿಷಯ ಎತ್ತಿದರು. ಮಾರ್ವಾ ಈ ಸಲ ಕೂಗಾಡಲಿಲ್ಲ. "ಸತ್ತವರು ಬಂದ್ರೆ ಒಬ್ಬರೇ ವಾಪಸ್ ಹೋಗಲ್ಲ, ಜೊತೆಗೆ ಕರ್ಕೊಂಡು ಹೋಗ್ತಾರೆ. ನನಗೆ ಉಳಿದಿರೋದು ಅಪ್ಪ ಒಬ್ಬರೇ ಅಂಬುಜಾ," ಎಂದು ಅತ್ತುಬಿಟ್ಟರು. ಅಪ್ಪನಿಗೆ ಹೋಗಬೇಕು, ಮಗಳಿಗೆ ಕಳಿಸಲು ಮನಸ್ಸಿಲ್ಲ. ನಡುವೆ ಮೈಸೂರಿನ ಈ ಹೆಣ್ಣುಮಗಳು ಯಾವ ಕಡೆ ಹೊರಳಿದರೂ ಒಬ್ಬರ ಕಣ್ಣಲ್ಲಿ ನೀರು.

ಇಂದೂ ತಾತ ಅದನ್ನೇ ಕೇಳುತ್ತಾರೆ. ಅಂಬುಜಾ ದಿಂಬು ಸರಿಮಾಡುತ್ತಾ, "ನಾಳೆ ಹಾಕೋಣ ತಾತ," ಎನ್ನುತ್ತಾರೆ.

"ನಿನ್ನೇನೂ ನಾಳೆ ಅಂದಿದ್ದೆ."

"ಇವತ್ತು ಗಂಜಿ ಕುಡಿದ್ರೆ ತಾನೇ ಮಂಚ ಎಳೆಯೋವಾಗ ನೀವು ಕೂತಿರೋಕಾಗೋದು?"

ತಾತ ಅನುಮಾನದಿಂದ ನೋಡಿ, ಬಾಯಿ ತೆರೆಯುತ್ತಾರೆ.

ಹೊರಗೆ ಬಸ್ ಸ್ಟಾಪಿನಲ್ಲಿ ಅಂಬುಜಾ ಕೋಟಿನ ಗುಂಡಿ ಹಾಕಿಕೊಳ್ಳುತ್ತಾ ಹೇಳುತ್ತಾರೆ: "ನಮ್ಮೂರಲ್ಲಿ ದೆವ್ವಕ್ಕೆ ಬಾಗಿಲ ಮೇಲೆ 'ನಾಳೆ ಬಾ' ಅಂತ ಬರೀತಿದ್ರು. ನಾನು ಬದುಕಿರೋರಿಗೆ ದಿನಾ ಅದೇ ಹೇಳ್ತಿದೀನಿ. ಮೋಸಾನೇ, ಗೊತ್ತು. ಮನಸ್ಸಿಗೆ ಚುಚ್ಚುತ್ತೆ. ಆದ್ರೆ ನಾನು ನಾಳೆ ಅಂದ್ರೆ ತಾತ ನಾಳೆವರೆಗೂ ಇರ್ತಾರೆ."