ದಾಳಿಂಬೆ ಪಾಠದಲ್ಲಿ ಅಕ್ಷರ ಹಾರಲಿಲ್ಲ

ಕೌಜಲಗಿ ಹತ್ತಿರದ ಒಂದು ಹಳ್ಳಿಯ ಶಾಲೆಗೆ ಕಂಪ್ಯೂಟರ್ ಬಂದದ್ದು ಎರಡು ಸಾವಿರದ ನಾಲ್ಕರಲ್ಲಿ. ಹೆಡ್‌ಮಾಸ್ತರರು ಅದಕ್ಕೆ ಕುಂಕುಮ ಹಚ್ಚಿ, ಕಾಯಿ ಒಡೆದು, ಮೇಲೊಂದು ಜಮಖಾನೆ ಹೊದಿಸಿ, ಕೋಣೆಗೆ ಬೀಗ ಜಡಿದರು. ಮಕ್ಕಳು ಮುಟ್ಟಿದರೆ ಕೆಡುತ್ತದಲ್ಲ! ಹೀಗೆ ಒಂದು ವರ್ಷ ಆ ಯಂತ್ರ ಯಾರ ಕೈಗೂ ಸಿಗದೆ ಪರಮ ಆರೋಗ್ಯದಿಂದಿತ್ತು.

ಅಲ್ಲಿ ವಿಜ್ಞಾನ ಕಲಿಸುತ್ತಿದ್ದವರು ತ್ರಿಶಲಾ ಟೀಚರ್. ಜೈನ ರೈತರ ಮನೆಯ ಮಗಳು. ಮಾತು ಕಡಿಮೆ, ಹಟ ಜಾಸ್ತಿ. ಕಂಪ್ಯೂಟರ್ ಪಾಠ ತಯಾರಿಸುವ ತರಬೇತಿಗೆ ಒಬ್ಬರನ್ನು ಕಳಿಸಿ ಎಂದು ಆದೇಶ ಬಂದ ದಿನ ಉಳಿದ ಶಿಕ್ಷಕರಿಗೆಲ್ಲ ಒಮ್ಮೆಲೇ ಸೊಂಟನೋವು ಬಂತು. ಸೊಂಟ ಗಟ್ಟಿ ಇದ್ದ ತ್ರಿಶಲಾ ಹುಕ್ಕೇರಿಯ ಬಸ್ಸು ಹತ್ತಿದರು.

ಅಲ್ಲಿ ಶಿಕ್ಷಕರು ನಲವತ್ತು, ಕಂಪ್ಯೂಟರ್ ಎರಡು. ಹೊರಗಿನಿಂದ ಬಂದಿದ್ದ ತರಬೇತಿಯ ಸಾಹೇಬರು ‘ಮಕ್ಕಳಿಗೆ ಬೇಸರವಾಗದಂತೆ ಕಲಿಸುವುದು ಹೇಗೆ’ ಎಂಬ ತೊಂಬತ್ತು ಸ್ಲೈಡುಗಳನ್ನು ಒಂದಕ್ಷರ ಬಿಡದೆ ಓದಿದರು. ಗೋಕಾಕ ಕಡೆಯ ಹನಮಂತ ಮಾಸ್ತರರು ಹನ್ನೆರಡನೆಯ ಸ್ಲೈಡಿಗೇ ಗೊರಕೆ ಹೊಡೆದರು. ಎಚ್ಚರಾಗುವ ಹೊತ್ತಿಗೆ ಅಪ್ಪಣೆಯಾಗಿತ್ತು: ತಿಂಗಳೊಳಗೆ ಪ್ರತಿಯೊಬ್ಬರೂ ಒಂದು ಪಾಠ ತಯಾರಿಸಿ ತರಬೇಕು.

ಶಾಲೆಗೆ ಬಂದಿದ್ದ ಸಿ.ಡಿ.ಯಲ್ಲಿ ಹೂವು ಹಣ್ಣಾಗುವ ಪಾಠವಿತ್ತು. ಆದರೆ ಅದು ಸೇಬಿನ ಗಿಡ, ಹಿಂದೆ ಹಿಮದ ಗುಡ್ಡ. ತ್ರಿಶಲಾ ಅದನ್ನು ಬದಿಗಿಟ್ಟು ಅರಭಾವಿಗೆ ಹೋದರು. ತೋಟಗಾರಿಕೆ ಕಾಲೇಜಿನಲ್ಲಿ ಕೆಲಸಕ್ಕಿದ್ದ ಮಾಲಿಂಗಪ್ಪ ಯಾರದೋ ಡಿಜಿಟಲ್ ಕ್ಯಾಮೆರಾ ಕೇಳಿ ತಂದು, ಅವರನ್ನು ದಾಳಿಂಬೆ ಗಿಡಗಳ ನಡುವೆ ನಿಲ್ಲಿಸಿದ.

“ಮೊಗ್ಗಿನಿಂದ ಹಣ್ಣಿನತನಕ ಎಲ್ಲಾ ಇಲ್ಲೇ ಐತ್ರಿ ಟೀಚರ್. ಫೋಟೋ ಯಾಕ ಬೇಕು? ಹುಡುಗರನ್ನ ಬಸ್ಸಿನಾಗ ಕರಕೊಂಡ ಬರ್ರಿ.”

“ಕರಕೊಂಡ ಬಂದ್ರ ಅದು ಬರೇ ಗಿಡ ನೋಡಿದಂಗ ಆಕ್ಕತಿ ಮಾಲಿಂಗಪ್ಪ. ಕಂಪ್ಯೂಟರ್‌ನ್ಯಾಗ ನೋಡಿದ್ರ ಅಷ್ಟ ಪಾಠ.”

ಒಂಬತ್ತು ಫೋಟೋ ಆದವು. ತ್ರಿಶಲಾ ಬೀಗದ ಕೈಗಾಗಿ ಹೆಡ್‌ಮಾಸ್ತರರ ಜೊತೆ ಎರಡು ದಿನ ಮುನಿಸಿಕೊಂಡರು, ಮೂರನೆಯ ದಿನ ಫೋಟೋಗಳನ್ನು ಬೇಕೆಂದೇ ಹಿಂದುಮುಂದು ಮಾಡಿ ಕಂಪ್ಯೂಟರಿಗೆ ಹಾಕಿ ಮಕ್ಕಳನ್ನು ಒಳಗೆ ಬಿಟ್ಟರು. ಯಾವುದು ಮೊದಲು, ಯಾವುದು ಆಮೇಲೆ? ಕೋಣೆಯಲ್ಲಿ ಸಂತೆಯ ಗದ್ದಲ. ಅದರ ನಡುವೆ ಅನ್ನಪೂರ್ಣಾ ಎಂಬ ಹುಡುಗಿ ಚೀರಿದಳು: “ಟೀಚರ್, ಹಣ್ಣಿನ ತಲಿಮ್ಯಾಲಿನ ಕಿರೀಟ ಹೂವಿಂದ ಐತ್ರಿ! ಪಕಳಿ ಅಷ್ಟ ಉದುರ್‍ಯಾವು, ಅದು ಉಳದೈತಿ!”

ತ್ರಿಶಲಾ ಬಗ್ಗಿ ನೋಡಿದರು. ಖರೆ. ಹನ್ನೆರಡು ವರ್ಷ ಹೂವಿನ ಭಾಗಗಳನ್ನು ಬೋರ್ಡಿನ ಮೇಲೆ ಬರೆಸಿದ ಅವರಿಗೇ ಅದು ಕಂಡಿರಲಿಲ್ಲ. ಆ ದಿನ ಮನೆಗೆ ಹೋಗುವಾಗ ಬಸ್ಸಿನಲ್ಲಿ ಒಬ್ಬರೇ ನಗುತ್ತಿದ್ದರು.

ತಿಂಗಳು ತುಂಬಿ ಪಾಠ ತೋರಿಸಿದಾಗ ಹುಕ್ಕೇರಿಯಲ್ಲಿ ಸಾಹೇಬರು ನಗಲಿಲ್ಲ. “ಅಕ್ಷರ ಒಂದೂ ಹಾರುತ್ತಿಲ್ಲ, ಮ್ಯೂಸಿಕ್ ಇಲ್ಲ. ಇದರಲ್ಲಿ ತಂತ್ರಜ್ಞಾನ ಎಲ್ಲಿದೆ ಮೇಡಂ?”

“ಅಕ್ಷರಾನ ಇಲ್ರಿ ಸರ್. ಹೇಳೂದೆಲ್ಲಾ ಹುಡುಗರ ಹೇಳ್ತಾರ್ರಿ.”

‘ಸುಧಾರಣೆ ಅಗತ್ಯ’ ಎಂದು ಷರಾ ಬಿತ್ತು. ಮೊದಲ ಬಹುಮಾನ ಮೂಡಲಗಿಯ ಮಾಸ್ತರರೊಬ್ಬರಿಗೆ. ಅವರ ಮೊದಲ ಸ್ಲೈಡಿನ ‘ಸುಸ್ವಾಗತ’ ಎಂಬ ಅಕ್ಷರಗಳು ರೈಲಿನ ಸೀಟಿ ಹಾಕುತ್ತ ಬಂದು ನಾಲ್ಕು ಸುತ್ತು ತಿರುಗಿ ನಿಂತಿದ್ದವು. ಅದರ ಮುಂದೆ ಯಾವ ಪಾಠವಿತ್ತೆಂಬುದು ಯಾರಿಗೂ ನೆನಪುಳಿಯಲಿಲ್ಲ, ಮಾಡಿದವರಿಗೂ ಸಹ.

ತ್ರಿಶಲಾ ಮುಖ ಸಣ್ಣದು ಮಾಡಿಕೊಂಡು ಚಹಾ ಕುಡಿಯುತ್ತಿದ್ದಾಗ ಹನಮಂತ ಮಾಸ್ತರರು ಬಾಜೂ ಬಂದು ನಿಂತರು. “ಅಕ್ಕಾರ, ಹಂತಾ ಪಾಠ ಮಾಡೂದು ನಮಗೂ ಕಲಸ್ತೀರೇನ್ರಿ? ಇವತ್ತ ನನಗ ನಿದ್ದಿನ ಬರಲಿಲ್ಲ.”

ಮುಂದಿನ ಶನಿವಾರ ಶಾಲೆ ಬಿಟ್ಟ ಮೇಲೆ ಹನಮಂತರೂ ಇನ್ನಿಬ್ಬರು ಶಿಕ್ಷಕರೂ ತ್ರಿಶಲಾ ಅವರ ಕಂಪ್ಯೂಟರ್ ಕೋಣೆಗೆ ಬಂದರು. ವರ್ಷದೊಳಗೆ ಹನ್ನೊಂದು ಮಂದಿಯಾದರು. ಆ ತರಬೇತಿಗೆ ಆದೇಶವಿರಲಿಲ್ಲ, ಪ್ರಮಾಣಪತ್ರವಿರಲಿಲ್ಲ, ಊಟದ ವ್ಯವಸ್ಥೆಯಂತೂ ಇರಲೇ ಇಲ್ಲ. ಹಾಗಾಗಿ ಬಂದವರು ವಿಧಿಯಿಲ್ಲದೆ ಕಲಿತುಕೊಂಡೇ ಹೋದರು.