ಆಪರೇಷನ್ ಕೋಣೆಯಲ್ಲಿ ಗೊರಕೆ

ನಮ್ಮ ಕಣ್ಣಾಸ್ಪತ್ರೆಯಲ್ಲಿ ಮಕ್ಕಳಿಗೆ ಅರಿವಳಿಕೆ ಕೊಡುವ ಡಾಕ್ಟರಮ್ಮನಿಗೆ ‘ಜೋಗುಳ ಡಾಕ್ಟ್ರು’ ಎಂದು ಹೆಸರಿಟ್ಟವಳು ನಾನೇ. ಹೊಗಳಲು ಇಟ್ಟದ್ದಲ್ಲ, ತಲೆ ಕೆಟ್ಟು ಇಟ್ಟದ್ದು. ನಾನು ಆಪರೇಷನ್ ಕೋಣೆಯ ಸಿಸ್ಟರ್; ಕತ್ತರಿ, ಚಿಮಟ, ದಾರ ಎಲ್ಲವನ್ನೂ ಸಾಲಾಗಿ ಜೋಡಿಸಿಟ್ಟು ಕಾಯುವವಳು. ಕೋಪ ಮೂಗಿನ ತುದಿಯಲ್ಲೇ. ಈಯಮ್ಮನೋ, ಟೋಪಿಗೆ ಕಪ್ಪೆಯ ಚಿತ್ರ ಅಂಟಿಸಿಕೊಂಡು ಬಂದು, ಅಪಸ್ವರದಲ್ಲಿ ಹಾಡಿ, ತಮ್ಮ ಜೋಕಿಗೆ ತಾವೇ ಮೊದಲು ನಕ್ಕು, ನನ್ನ ಕೋಣೆಯನ್ನು ಸಂತೆ ಮಾಡುತ್ತಿದ್ದರು. ಅವರು ಜೋಗುಳ ಹಾಡಿದರೆ ಬಂದ ನಿದ್ದೆಯೂ ಓಡಿಹೋಗುತ್ತದೆ ಎಂದು ಮನೆಯಲ್ಲಿ ಮಗ ಗೋಳಾಡುತ್ತಾನಂತೆ. ಅದನ್ನೂ ಅವರೇ ಹೇಳಿಕೊಂಡು ನಕ್ಕಿದ್ದರು.

ಅವರದೊಂದು ಹಠ. ಯಾವ ಮಗುವೂ ಅಳುತ್ತಾ ನಿದ್ದೆಗೆ ಹೋಗಕೂಡದು. ಅದುಮಿ ಹಿಡಿದು ಮುಖಕ್ಕೆ ಮಾಸ್ಕ್ ಒತ್ತುವ ಮಾತೇ ಇಲ್ಲ.

“ಅಳ್ತಾ ಮಲಗಿದ್ದು ಅಳ್ತಾನೇ ಏಳುತ್ತೆ ಸಿಸ್ಟರ್. ಆಮೇಲೆ ಕಣ್ಣು ಉಜ್ಜಿಕೊಂಡ್ರೆ ಹೊಲಿಗೆ ಗತಿ ಏನು?” ಎನ್ನುತ್ತಿದ್ದರು.

ಆ ದಿನ ಬಂದವಳು ಐದು ವರ್ಷದ ಹುಡುಗಿ. ಮೆಣಸಿನಕಾಯಿ ಎಂದೇ ನಾವು ಕರೆದೆವು. ಎಡಗಣ್ಣು ಸದಾ ಮೂಗಿನ ಕಡೆ ತಿರುಗಿರುತ್ತಿತ್ತು. ಹಾಗೇ ಬಿಟ್ಟರೆ ಅದರ ದೃಷ್ಟಿ ಮಂಕಾಗುತ್ತಾ ಹೋಗುತ್ತದೆ ಎಂದು ಆಪರೇಷನ್ ಮಾಡುವ ದೊಡ್ಡ ಡಾಕ್ಟ್ರು ಎಚ್ಚರಿಸಿದ್ದರು. ಹೋದ ಸಲ ಮಾಸ್ಕ್ ಕಂಡದ್ದೇ ತಡ, ಕಿರುಚಿ, ಕೈಕಾಲು ಬಡಿದು ವಾಂತಿ ಮಾಡಿಕೊಂಡಿದ್ದಳು. ಹಾಗೇ ಮನೆಗೆ ಕಳಿಸಿದ್ದೆವು. ಈ ಸಲವೂ ಹಾಗಾದರೆ ಇನ್ನು ಕರೆತರುವುದೇ ಇಲ್ಲವೆಂದು ಅವಳ ಅಪ್ಪ ಪಟ್ಟು ಹಿಡಿದಿದ್ದ. ಅಮ್ಮ ಹೊರಗೆ ಬೆಂಚಿನ ಮೇಲೆ ಬ್ಯಾಗ್ ತಬ್ಬಿಕೊಂಡು ಕೂತಿದ್ದಳು.

ಮೆಣಸಿನಕಾಯಿ ಟೇಬಲ್ ಮೇಲೆ ಕೂತು ನಮ್ಮನ್ನು ದುರುಗುಟ್ಟಿ ನೋಡಿದಳು.

“ನಾನು ಮಲಗಲ್ಲ. ನೀವು ಮಲಗಿ.”

“ಆಯ್ತು ತಾಯಿ,” ಎಂದು ಜೋಗುಳ ಡಾಕ್ಟ್ರು ಸ್ಟೂಲಿನ ಮೇಲೆ ಕುಸಿದು ಗೊರಕೆ ಹೊಡೆದರು.

ಹುಡುಗಿಯ ಬೆರಳು ನನ್ನತ್ತ ತಿರುಗಿತು. “ಈ ಆಂಟಿನೂ.”

ನಾನು! ಇಷ್ಟು ವರ್ಷ ಸರ್ವೀಸ್ ಆದವಳು! ಹಲ್ಲು ಕಚ್ಚಿಕೊಂಡು ಗೋಡೆಗೊರಗಿ ಕಣ್ಣು ಮುಚ್ಚಿದೆ. ಆಗಲೇ ದೊಡ್ಡ ಡಾಕ್ಟ್ರು ಕೈ ತೊಳೆದು, ಗೌನು, ಗ್ಲೌಸು ತೊಟ್ಟು ಸಿದ್ಧರಾದರು. ಇನ್ನು ಅವರು ಏನನ್ನೂ ಮುಟ್ಟುವಂತಿಲ್ಲ.

“ಆ ಅಂಕಲ್ಲೂ ಮಲಗಬೇಕು.”

ಅವರು ಕೈ ಮೇಲೆತ್ತಿಕೊಂಡೇ ನಿಂತಲ್ಲಿ ಕಣ್ಣು ಮುಚ್ಚಿದರು.

“ಸುಳ್ಳು! ಕೈ ಎತ್ಕೊಂಡು ಯಾರಾದ್ರೂ ಮಲಗ್ತಾರಾ?”

ಪೆಚ್ಚಾದ ದೊಡ್ಡ ಡಾಕ್ಟ್ರು ಮೂಲೆಯ ಕುರ್ಚಿಯಲ್ಲಿ ಕೂತು ಕೆನ್ನೆಗೆ ಕೈ ಕೊಟ್ಟರು. ಗ್ಲೌಸು ಹಾಳು, ಗೌನು ಹಾಳು, ಮತ್ತೆ ಮೊದಲಿಂದ ಕೈ ತೊಳೆಯಬೇಕು. ನನಗೆ ಮೈಯೆಲ್ಲ ಉರಿಯಿತು. ಅಷ್ಟರಲ್ಲಿ ಅವರು ಸಿಳ್ಳೆ ಸಮೇತ ಗೊರಕೆ ಹೊಡೆಯತೊಡಗಿದರು ನೋಡಿ, ತಡೆಯಲಾಗದೆ ಕಿಸಕ್ಕನೆ ನಕ್ಕುಬಿಟ್ಟೆ. ಮೆಣಸಿನಕಾಯಿಯೂ ಹೊಟ್ಟೆ ಹಿಡಿದುಕೊಂಡು ನಕ್ಕಳು.

ಜೋಗುಳ ಡಾಕ್ಟ್ರು ಒಂದೇ ಕಣ್ಣು ತೆರೆದರು. “ಈಗ ಇಲ್ಲಿ ನೀನೇ ಯಜಮಾನಿ. ಕಾವಲು ಕಾಯ್ತಾ ಈ ಬಲೂನು ಊದ್ತೀಯಾ?”

ಮಾಸ್ಕಿನ ಕೊಳವೆಗೆ ಸಿಕ್ಕಿಸಿದ್ದ ಚೀಲವೇ ಬಲೂನು. ಹುಡುಗಿ ತಾನೇ ಮಾಸ್ಕ್ ಹಿಡಿದು, ನಗುನಗುತ್ತಲೇ ಊದಿ, ಅರಿವಳಿಕೆಯ ಗಾಳಿಗೆ ಕಣ್ಣು ಮುಚ್ಚಿ ಡಾಕ್ಟರ ತೋಳಿಗೆ ವಾಲಿಕೊಂಡಳು.

ನಮ್ಮ ನಗು ಅಲ್ಲಿಗೆ ನಿಂತಿತು. ಜೋಗುಳ ಡಾಕ್ಟ್ರು ಸ್ನಾಯು ಸಡಿಲಿಸುವ ಔಷಧಿ ಕೊಟ್ಟು ಗಂಟಲಿಗೆ ಕೊಳವೆ ಇಳಿಸಿದರು. ಉಸಿರಾಡಿಸುವ ಕೆಲಸ ಯಂತ್ರದ್ದಾಯಿತು. ಮೈ ಪೂರ್ತಿ ಸಡಿಲವಾದರೇನೇ ಕಣ್ಣನ್ನು ಅತ್ತಿತ್ತ ಎಳೆದು ಯಾವ ಸ್ನಾಯು ನಿಜವಾಗಿ ಬಿಗಿದಿದೆ ಎಂದು ತಿಳಿಯುವುದು. ಆದರೆ ಹಾಗೆ ಎಳೆದಾಗ ಕೆಲವು ಮಕ್ಕಳ ಎದೆಬಡಿತವೇ ಇಳಿದುಬಿಡುತ್ತದೆ. ಮತ್ತೆ ಕೈ ತೊಳೆದು ಬಂದ ದೊಡ್ಡ ಡಾಕ್ಟ್ರು ಕಣ್ಣಿನ ಸ್ನಾಯುವಿಗೆ ಕೊಕ್ಕೆ ಹಾಕಿ ಎಳೆದರು. ಎದೆಬಡಿತ ತೋರಿಸುವ ಪರದೆಯ ಬೀಪ್ ಬೀಪ್ ಸದ್ದು ನಿಧಾನವಾಯಿತು, ಇನ್ನೂ ನಿಧಾನವಾಯಿತು.

“ಬಿಡಿ!”

ಜೋಗುಳ ಡಾಕ್ಟರಿಗೆ ಅಂಥ ದನಿಯಿದೆ ಎಂದೇ ನನಗೆ ಗೊತ್ತಿರಲಿಲ್ಲ. ದೊಡ್ಡ ಡಾಕ್ಟ್ರು ತಟ್ಟನೆ ಕೊಕ್ಕೆ ಸಡಿಲಿಸಿದರು. ಒಂದು ಬೀಪ್, ಇನ್ನೊಂದು, ಆಮೇಲೆ ಸರಸರನೆ ಬಡಿತ ಏರಿತು.

“ಹ್ಞೂಂ. ಈಗ ಮೆಲ್ಲಗೆ,” ಎಂದರು ಜೋಗುಳ ಡಾಕ್ಟ್ರು. ಅವರ ಕಣ್ಣು ಪರದೆಯಿಂದ ಕದಲಲಿಲ್ಲ. ಈಯಮ್ಮ ನನ್ನ ಕೋಣೆಯಲ್ಲಿರುವುದು ನನ್ನ ಪುಣ್ಯ ಎಂದು ಆಗ ಅನ್ನಿಸಿತು.

ಆಪರೇಷನ್ ಮುಗಿದ ಮೇಲೆ ಮೆಣಸಿನಕಾಯಿ ಅಳದೆ ಎದ್ದಳು. ಅಮ್ಮನನ್ನು ಒಳಗೆ ಕರೆದೆವು. ಕೆಂಪಗಾಗಿದ್ದ ಎಡಗಣ್ಣೂ ಬಲಗಣ್ಣೂ ಒಟ್ಟಿಗೇ ಅಮ್ಮನ ಮುಖದ ಮೇಲೆ ನಿಂತವು. ಅಮ್ಮ ಬಾಯಿಗೆ ಕೈ ಅಡ್ಡ ಹಿಡಿದು ಅಲ್ಲೇ ನಿಂತುಬಿಟ್ಟಳು.

“ಯಾಕಮ್ಮಾ ಹಾಗೆ ನೋಡ್ತೀಯಾ?”

“ನೀನು ನೋಡ್ತಾ ಇದೀಯಲ್ಲ ಕಂದಾ, ಅದಕ್ಕೇ.”