ಅಣಬೆ ತಂದವರ ಮೊದಲ ತುತ್ತು

ನಮ್ಮ ಮನೆಯಲ್ಲಿ ಅಣಬೆ ಸಾರಿಗೆ ಒಂದು ಕಾನೂನಿದೆ. ಅಣಬೆಯನ್ನು ಯಾರು ಕಿತ್ತು ತಂದರೋ ಅವರೇ ಮೊದಲ ತುತ್ತು ಉಣ್ಣಬೇಕು, ಉಳಿದವರು ಸುತ್ತ ಕೂತು ನೋಡಬೇಕು. ಮದುವೆಯಾಗಿ ಬಂದ ವರ್ಷ ಇದನ್ನು ಮೊದಲ ಸಲ ಕಂಡಾಗ ಯಾವುದೋ ಹರಕೆ ಇರಬೇಕು ಎಂದುಕೊಂಡಿದ್ದೆ. ಅತ್ತೆ ನಡುಮನೆಯಲ್ಲಿ ಗೋಡೆಗೆ ಹತ್ತಿರವಾಗಿ ಚಕ್ಕಳಮಕ್ಕಳ ಹಾಕಿ ಕೂತರು. ನನ್ನ ಗಂಡ, ನಾದಿನಿ ಇಬ್ಬರೂ ಕೈ ತೊಳೆದು, ತಟ್ಟೆ ಮುಂದಿಟ್ಟುಕೊಂಡು, ಅತ್ತೆಯ ಬಾಯನ್ನೇ ನೋಡುತ್ತಿದ್ದರು. ಅತ್ತೆ ಮುದ್ದೆ ಮುರಿದು ಸಾರಿನಲ್ಲಿ ಹೊರಳಿಸಿ, ಒಂದು ಅಣಬೆ ಹೋಳಿನ ಸಮೇತ ನುಂಗಿ, ಒಂದು ಲೋಟ ನೀರು ಕುಡಿದು, ಗೋಡೆಗೆ ಒರಗಿ ಕಣ್ಣು ಮುಚ್ಚಿದರು. ಆಮೇಲೆ ಒಂದೇ ಒಂದು ಕಣ್ಣು ತೆರೆದು, "ಉಸ್ರಾಡ್ತಾ ಇವ್ನಿ, ಉಣ್ಣಿ" ಎಂದರು.

ಅವರ ಅಣಬೆಯ ಮೇಲೆ ಯಾರಿಗೂ ಅನುಮಾನ ಇದ್ದದ್ದಲ್ಲ. ಅತ್ತೆ ಮನೆಗೆ ತರುವ ಮೊದಲೇ ಒಂದೊಂದನ್ನೂ ತಿರುಗಿಸಿ, ಮೂಸಿ, ಆರಿಸಿರುತ್ತಾರೆ. ಆದರೂ ಕಾನೂನು ಕಾನೂನೇ. ತಂದವರ ಮಾತಿಗೆ ತಂದವರ ಹೊಟ್ಟೆಯೇ ಜಾಮೀನು.

ನಾನು ಮಂಡ್ಯ ಪೇಟೆಯಲ್ಲಿ ಬೆಳೆದವಳು. ಸೊಪ್ಪು ಎಂದರೆ ತಳ್ಳುಗಾಡಿಯಲ್ಲಿ ಬಾಳೆ ನಾರಿನಿಂದ ಕಟ್ಟಿಸಿಕೊಂಡು ಬರುವ ವಸ್ತು ಎಂದು ತಿಳಿದಿದ್ದೆ. ಈ ಊರಿಗೆ ಬಂದ ಹೊಸತರಲ್ಲಿ ಅತ್ತೆ ಹಿತ್ತಲಿನಿಂದ ಒಂದು ಹಿಡಿ ಕೊತ್ತಂಬರಿ ಕಿತ್ತು ತಾ ಎಂದರು. ಹೋಗಿ ಎಳೆಯದಾಗಿ, ಹಸಿರಾಗಿ, ಚೆಂದ ಕಂಡದ್ದನ್ನು ಒಂದು ಹಿಡಿಯಲ್ಲ, ಎರಡು ಹಿಡಿ ಕಿತ್ತು ತಂದು, ತೊಳೆದು, ಹಸಿಮೆಣಸಿನಕಾಯಿ ಹಾಕಿ ಚಟ್ನಿಯನ್ನೂ ರುಬ್ಬಿಟ್ಟೆ. ಅದು ಪಾರ್ಥೇನಿಯಂ ಎಂಬ ವಿಷದ ಕಳೆ. ಅತ್ತೆ ಬಟ್ಟಲನ್ನು ಮೂಗಿನ ಹತ್ತಿರ ಹಿಡಿದು ನನ್ನನ್ನು ನೋಡಿದ ನೋಟ ಇವತ್ತಿಗೂ ಕಣ್ಣಮುಂದಿದೆ. ಸಂಜೆಯೊಳಗೆ ಊರಿಗೆಲ್ಲ ಗೊತ್ತಾಯಿತು.

ಅಂದಿನಿಂದ ಹದಿನೆಂಟು ವರ್ಷ, ನಾನು ನೆಲದಿಂದ ಕಿತ್ತು ತಂದ ಏನನ್ನೂ ಅತ್ತೆ ಮೂಸದೆ ಬಾಯಿಗೆ ಇಟ್ಟವರಲ್ಲ. ಅಂಗಡಿಯಿಂದ ತಂದರೆ ಸುಮ್ಮನೆ ಉಣ್ಣುತ್ತಾರೆ. ಬಾಗಿಲ ಮುಂದಿನ ಗಿಡದ ಕರಿಬೇವನ್ನೂ ನಾನು ಕಿತ್ತರೆ ಮೂಸಿಯೇ ಒಗ್ಗರಣೆಗೆ ಬಿಡುತ್ತಾರೆ. ಮದ್ದೂರಿನ ಪ್ರೌಢಶಾಲೆಯಲ್ಲಿ ನಾನು ವಿಜ್ಞಾನದ ಟೀಚರು. ಶಿಲೀಂಧ್ರಗಳ ಪಾಠ ಮಾಡುತ್ತೇನೆ, ಬೋರ್ಡಿನ ಮೇಲೆ ಅಣಬೆಯ ಚಿತ್ರ ಬರೆದು ಟೋಪಿ, ಕಾಂಡ ಎಂದು ಬಾಣದ ಗುರುತು ಹಾಕುತ್ತೇನೆ. ಮನೆಗೆ ಬಂದರೆ ಕರಿಬೇವಿಗೂ ತಪಾಸಣೆ! ಬೇರೆಯವರಿಗೆ ಇದು ನಗುವ ವಿಷಯ. ನಾನೂ ಜೊತೆಗೆ ನಗುತ್ತಿದ್ದೆ, ಒಳಗೆ ಮಾತ್ರ ಚುಚ್ಚುತ್ತಿತ್ತು. ಒಂದೇ ಒಂದು ಸಲ, ನನ್ನ ಕೈಯಾರೆ ಕಿತ್ತು ತಂದದ್ದನ್ನು ಅವರು ಮೂಸದೆ ಉಣ್ಣಲಿ ಎಂಬುದು ನನ್ನ ಆಸೆಯಾಗಿತ್ತು.

ಕಳೆದ ಮುಂಗಾರಿನ ಹೊತ್ತಿಗೆ ಅತ್ತೆ ಕೊಟ್ಟಿಗೆಯಲ್ಲಿ ಜಾರಿ ಕಾಲು ಉಳುಕಿಸಿಕೊಂಡರು. ಪಾದಕ್ಕೆ ಪಟ್ಟಿ ಕಟ್ಟಿಸಿಕೊಂಡು ಜಗಲಿ ಹಿಡಿದರು. ಅದೇ ವಾರ ಒಂದು ಸಂಜೆ ಆಕಾಶ ಹರಿದುಬೀಳುವ ಹಾಗೆ ಗುಡುಗಿತು. ಗುಡುಗಿದರೆ ಅಣಬೆ ಏಳುತ್ತದೆ ಎಂಬುದು ನಮ್ಮ ಕಡೆಯ ಲೆಕ್ಕ. ಮಳೆ ನಿಲ್ಲುವ ಮೊದಲೇ ಮಳವಳ್ಳಿಯಿಂದ ನಾದಿನಿಯ ಫೋನು ಬಂತು. ಅವಳು ಕೇಳಿದ್ದು ಅವ್ವನ ಕಾಲನ್ನಲ್ಲ, "ಅಣ್ಬೆ ಎದ್ವಾ?" ಎಂದು.

"ನಾನ್ ಓಗಿ ತತ್ತೀನಿ ಬುಡವ್ವ" ಎಂದರು ನನ್ನ ಗಂಡ.

"ನೀನಾ? ನಿಂಗೆ ಜಾಗ ಏಳುದ್ರೆ ಟೀ ಅಂಗ್ಡೀಲಿ ಒಂದು ಬೋಂಡ ಮುಗ್ಯೋದ್ರೊಳ್ಗೆ ಊರ್ಗೆಲ್ಲ ಗೊತ್ತಾಯ್ತದೆ ಕಣ್ಲಾ" ಎಂದ ಅತ್ತೆ ನನ್ನ ಕಡೆ ತಿರುಗಿದರು. ತಿರುಗಿ ಒಂದು ದೊಡ್ಡ ನಿಟ್ಟುಸಿರು ಬಿಟ್ಟರು. ಹಾಗೆ ಬೇರೆ ದಾರಿಯಿಲ್ಲದೆ ನನಗೆ ಆ ಕೆಲಸ ಸಿಕ್ಕಿತು.

ಮಾರನೆಯ ದಿನ ತಾಲೀಮು. ಹಿತ್ತಲು, ಹೊಲದ ಬದು, ಎಲ್ಲೆಲ್ಲಿ ಏನೇನು ಎದ್ದಿದೆಯೋ ಒಂದೊಂದು ತಾ ನೋಡೋಣ ಎಂದರು. ನಾನು ಫೋನಿಗೆ ಅಣಬೆ ಗುರುತಿಸುವ ಆ್ಯಪು ಹಾಕಿಕೊಂಡು ಠೀವಿಯಿಂದ ಹೊರಟೆ. ಮೊದಲ ಫೋಟೋಗೆ ಅದು ಅಣಬೆ ಎಂದಿತು. ಎರಡನೆಯದಕ್ಕೂ ಅಣಬೆ ಎಂದಿತು. ಮೂರನೆಯ ಫೋಟೋದಲ್ಲಿ ಅಡ್ಡ ಬಂದಿದ್ದ ನನ್ನ ಹೆಬ್ಬೆರಳನ್ನೂ ಅಣಬೆ ಎಂದಿತು. ಅಲ್ಲಿಗೆ ಫೋನು ಚೀಲ ಸೇರಿತು.

ನಾನು ತಂದ ಐದನ್ನು ಅತ್ತೆ ಜಗಲಿಯ ಮೇಲೆ ಸಾಲಾಗಿ ಇಡಿಸಿದರು.

"ಇದು ತಿಂದ್ರೆ ವಾಂತಿ. ಇದು ತಿಂದ್ರೆ ಬೇದಿ. ಇದು ಎರಡೂವೆ" ಎಂದು ಕೋಲಿನ ತುದಿಯಿಂದ ಒಂದೊಂದನ್ನೇ ಆಚೆ ತಳ್ಳಿದರು. ನಾಲ್ಕನೆಯದರ ಹತ್ತಿರ ಕೋಲು ನಿಂತಿತು. "ಇದು ತಿಂದ್ರೆ ನಿಮ್ ಸ್ಕೂಲ್ಗೆ ಒಂದಿನ ರಜ." ಐದನೆಯದು ಅಣಬೆಯೇ ಅಲ್ಲ, ಮಳೆಗೆ ನೆಂದ ಥರ್ಮಾಕೋಲಿನ ಚೂರು. ಅದನ್ನು ಕೋಲು ಮುಟ್ಟುವ ಮೊದಲೇ ನಾನೇ ಎತ್ತಿ ಆಚೆ ಎಸೆದೆ.

ಆಮೇಲೆ ಹುತ್ತದ ಅಣಬೆಯ ಪಾಠ ಶುರುವಾಯಿತು. "ನೋಡಮ್ಮಿ, ನಮ್ದು ಉತ್ತದ ಅಣ್ಬೆ. ನೆತ್ತಿ ಚೂಪಗಿರ್ಬೇಕು. ಕಿತ್ರೆ ಬೇರು ಇಲಿ ಬಾಲ್ದಂಗೆ ಉದ್ದುಕ್ಕೆ ಉತ್ತದೊಳಿಕ್ಕೆ ಓಗಿರ್ಬೇಕು. ಬೇರಿಲ್ದಿದ್ರೆ ಎಷ್ಟೇ ಚಂದಾಗಿರ್ಲಿ, ಮುಟ್ಬ್ಯಾಡ. ಕಬ್ಣ ತಾಕುಸ್ಬ್ಯಾಡ, ಕಡ್ಡೀಲಿ ಕೆದ್ಕು. ಚಪ್ಲಿ ಬುಟ್ಟು ಓಗು. ಬೆಟ್ ಮಾಡಿ ತೋರುಸ್ಬ್ಯಾಡ, ಕೊಳ್ತೋಯ್ತವೆ."

"ಬೆರಳು ತೋರಿಸಿದ್ರೆ ಕೊಳೆಯೋಕೆ ಏನತ್ತೆ ಸಂಬಂಧ?" ಎಂದೆ. ಟೀಚರಲ್ಲವೇ.

"ಸಂಬಂಧ ಅಣ್ಬೇನೆ ಕೇಳು" ಎಂದರು.

ಕೊನೆಗೆ ಜಾಗ ಹೇಳಿದರು. ಅದನ್ನು ಹೇಳುವಾಗ ನನ್ನ ಗಂಡನನ್ನು ಅಂಗಡಿಗೆ ಕಳಿಸಿ, ಟಿವಿ ಜೋರು ಮಾಡಿಸಿ, ಕಿವಿಯ ಹತ್ತಿರ ಬಂದು ಹೇಳಿದರು. ನಾನು ಇಲ್ಲಿ ಬರೆಯುವುದಿಲ್ಲ. ಆತಗೂರಿನ ಕಡೆ ಎಂದಷ್ಟೇ ತಿಳಿದುಕೊಳ್ಳಿ, ಅದೂ ಸುಳ್ಳಿರಬಹುದು. ಯಾರಾದರೂ ಕೇಳಿದರೆ ಅಣಬೆಗೆ ಎನ್ನಬಾರದು, ಬೇರೆ ಏನಾದರೂ ಹೇಳಬೇಕು ಎಂಬುದು ಕೊನೆಯ ಪಾಠ.

ಶನಿವಾರ ಬೆಳಗಿನ ಸ್ಕೂಲು. ಅದಕ್ಕೂ ಮುಂಚೆ, ಇನ್ನೂ ಸರಿಯಾಗಿ ಬೆಳಕು ಬಿಡದಿರುವಾಗ ಬಿದಿರಿನ ಕುಕ್ಕೆ ಹಿಡಿದು ಹೊರಟೆ. ನಾಲೆ ಏರಿಯ ಮೇಲೆ ಹಿಂದಿನ ಬೀದಿಯ ದೊಡ್ಡವ್ವ ಎದುರಾದರು. ನನ್ನ ಅತ್ತೆಯ ಓರಗೆಯವರು. ಅವರ ಕಂಕುಳಲ್ಲೂ ಒಂದು ಖಾಲಿ ಕುಕ್ಕೆ.

"ಏನ್ ಟೀಚರಮ್ಮ, ಕುಕ್ಕೆ ಇಡ್ಕಂಡು ದೂರ ಒಂಟಂಗದೆ?"

ಬಾಯಿಗೆ ಬಂದದ್ದನ್ನು ಹೇಳಿಬಿಟ್ಟೆ. "ಸಗಣಿಗೆ ದೊಡ್ಡವ್ವ."

"ಅಯ್ಯೋ, ನಾನೂ ಅದ್ಕೇ ಬಂದೆ ಕಣವ್ವ. ಓದಿರೋ ಮಗು, ಕೈ ಗಲೀಜಾಯ್ತದೆ. ತಾ ಇಲ್ಲಿ" ಎಂದು ದೊಡ್ಡವ್ವ ನನ್ನ ಕುಕ್ಕೆ ಕಿತ್ತುಕೊಂಡರು. ಸಗಣಿಗೆ ಬಂದವಳು ಸಗಣಿ ಬೇಡ ಎಂದರೆ ಹೇಗೆ? ರಾತ್ರಿ ಎತ್ತುಗಳು ನಿಂತಿದ್ದ ಜಾಗಕ್ಕೆ ಕರೆದೊಯ್ದು, ತಮ್ಮ ಕುಕ್ಕೆಯನ್ನು ಪಕ್ಕಕ್ಕಿಟ್ಟು, ನನ್ನದನ್ನು ಗೋಪುರದ ಹಾಗೆ ತುಂಬಿ, ತಲೆಯ ಮೇಲೂ ಅವರೇ ಹೊರಿಸಿದರು. ಎಂ.ಎಸ್ಸಿ. ಓದಿದ ನಾನು "ಉಪಕಾರ ಆಯ್ತು ದೊಡ್ಡವ್ವ" ಎಂದು ಹೇಳಿ, ಕಿವಿಯ ಮೇಲೆ ಇಳಿಯುತ್ತಿದ್ದ ಸಗಣಿ ನೀರು ಒರೆಸಿಕೊಳ್ಳುತ್ತ ಮನೆಗೆ ಬಂದೆ.

ಜಗಲಿಯ ಮೇಲೆ ಅತ್ತೆ ಕಾಯುತ್ತಿದ್ದರು. ಕುಕ್ಕೆ ಇಳಿಸಿದೆ. ಈ ಸಲ ಮೂಸುವ ಅಗತ್ಯವೇ ಬೀಳಲಿಲ್ಲ.

ನಡೆದದ್ದನ್ನು ಹೇಳಿದಾಗ ಅತ್ತೆ ನಗಲಿಲ್ಲ, ಹಲ್ಲು ಕಚ್ಚಿದರು. "ಉಪ್ಕಾರ ಅಲ್ಲ ಕಣೆ ಅದು, ಬೇಕಂತ್ಲೇ ತುಂಬವ್ಳೆ! ಅವ್ಳ್ ಕುಕ್ಕೆಗೆ ಒಂದ್ ಇಡಿನಾದ್ರೂ ಆಕ್ಕಂಡ್ಲಾ? ನಮ್ ಜಾಗ ಉಡುಕ್ತಾ ಮೂವತ್ತೊರ್ಸದಿಂದ ನನ್ ಇಂದೆ ಬಿದ್ದವ್ಳೆ."

ಆಗ ನನಗೆ ಹೊಳೆಯಿತು. ಸಗಣಿಗೆ ಬಂದವರು ಸಗಣಿ ತುಂಬಿಕೊಳ್ಳದೆ ಖಾಲಿ ಕುಕ್ಕೆ ಹಿಡಿದು ಏರಿಯ ಮೇಲೇ ಉಳಿದಿದ್ದರು. ನನಗೆ ಎಲ್ಲಿಲ್ಲದ ರೋಷ ಬಂತು. ಆ ದಿನ ಒಂಬತ್ತನೇ ತರಗತಿಗೆ ನಾನು ಯಾವ ಪಾಠ ಮಾಡಿದೆನೋ ನೆನಪಿಲ್ಲ.

ಭಾನುವಾರ ಕುಕ್ಕೆ ಬಿಟ್ಟು ಸ್ಕೂಲಿನ ಚೀಲ ಹೆಗಲಿಗೆ ಹಾಕಿಕೊಂಡು ಹೊರಟೆ. ಏರಿಯ ಮೇಲೆ ಮತ್ತೆ ದೊಡ್ಡವ್ವ, ಮತ್ತೆ ಖಾಲಿ ಕುಕ್ಕೆ.

"ಭಾನ್ವಾರ್ದಲ್ಲೂ ಸ್ಕೂಲಾ ಟೀಚರಮ್ಮ?"

"ಸ್ಪೆಷಲ್ ಕ್ಲಾಸು ದೊಡ್ಡವ್ವ. ನೀವು?"

"ಸಗಣಿಗೆ ಕಣವ್ವ."

ಇದಕ್ಕೇ ಕಾದಿದ್ದೆ. "ನಿನ್ನೆ ನೀವು ನನಗೆ ತುಂಬಿಕೊಟ್ರಿ. ಇವತ್ತು ನಾನು ತುಂಬಿಕೊಡ್ದೇ ಇದ್ರೆ ನಮ್ಮತ್ತೆ ಸುಮ್ನೆ ಬಿಡ್ತಾರಾ?" ಎಂದು ಕುಕ್ಕೆಗೆ ಕೈ ಹಾಕಿದೆ. ದೊಡ್ಡವ್ವ ಒಂದು ಕ್ಷಣ ಎಳೆದು ಹಿಡಿದರು. ನಾನೂ ಎಳೆದೆ. ಇಬ್ಬರೂ ಬಾಯಿತುಂಬ ನಗುತ್ತಲೇ ಇದ್ದೆವು. ಕೊನೆಗೆ ಕೈ ಬಿಟ್ಟರು. ಎರಡು ಕೈಯಲ್ಲೂ ಬಾಚಿ ಬಾಚಿ, ಒತ್ತಿ ಒತ್ತಿ ತುಂಬಿ, ಅವರ ತಲೆಯ ಮೇಲೆ ಹೊರಿಸಿದೆ. ದೊಡ್ಡವ್ವ ಕತ್ತು ಅಲ್ಲಾಡಿಸಲಾರದೆ ನೆಟ್ಟಗೆ ಮನೆ ಕಡೆ ನಡೆದರು. ಮೂಲೆ ತಿರುಗುವಾಗ "ನಿಮ್ಮತ್ತೆಗೆ ಸರ್ಯಾದ್ ಸೊಸೆ ಕಣೆ ನೀನು" ಎಂದು ಕೂಗಿದರು. ಬೈದರೋ ಹೊಗಳಿದರೋ ತಿಳಿಯಲಿಲ್ಲ, ನನಗಂತೂ ಖುಷಿಯಾಯಿತು.

ನಾಲೆಯಲ್ಲಿ ಕೈ ತೊಳೆದು ಅತ್ತೆ ಹೇಳಿದ ಜಾಗಕ್ಕೆ ಹೋದೆ. ಹುತ್ತದ ಸುತ್ತ, ಒದ್ದೆ ತರಗೆಲೆಗಳ ನಡುವೆ, ಅಣಬೆಗಳು ಎದ್ದಿದ್ದವು. ಕೆಲವು ಬಿಚ್ಚಿದ್ದವು, ಕೆಲವು ಇನ್ನೂ ಮೊಗ್ಗು. ಎಲ್ಲಕ್ಕೂ ನೆತ್ತಿ ಚೂಪು. ಅಲ್ಲಿ ಯಾರೂ ಇರಲಿಲ್ಲ, ಆದರೂ ಎಣಿಸುವಾಗ ಬೆರಳು ತಾನಾಗಿ ಮುಂದೆ ಹೋಯಿತು. ತಕ್ಷಣ ಮುಷ್ಟಿ ಕಟ್ಟಿಕೊಂಡೆ. ವಿಜ್ಞಾನದ ಟೀಚರು ಬರಿಗಾಲಲ್ಲಿ ಹುತ್ತದ ಮುಂದೆ ಕೂತು ಗದ್ದದಿಂದ ಒಂದು, ಎರಡು, ಮೂರು ಎಂದು ಎಣಿಸಿದಳು. ಕಡ್ಡಿಯಿಂದ ಕೆದಕಿ ಮೊದಲನೆಯದನ್ನು ಎಳೆದೆ. ಬೇರು ಬಂತು, ಬಂತು, ಇನ್ನೂ ಬಂತು. ಇಲಿಯ ಬಾಲವೇ! ನಾನು ಅಲ್ಲೇ ಜೋರಾಗಿ "ಅತ್ತೇ" ಎಂದು ಕೂಗಿಬಿಟ್ಟೆ.

ಮನೆಗೆ ಬಂದು, ಚೀಲದಿಂದ ಬಟ್ಟೆಯ ಗಂಟು ತೆಗೆದು ಅತ್ತೆಯ ಮುಂದಿಟ್ಟು ನಿಂತೆ. ಅವರು ಬಿಚ್ಚಿ ಒಂದೊಂದನ್ನೂ ಮೂಸುತ್ತಾರೆ ಎಂದು ಕಾದೆ.

"ಎಷ್ಟು ಸಿಕ್ವು?"

"ಇಪ್ಪತ್ತರ ಮೇಲೆ ಅತ್ತೆ."

"ಉತ್ತದ ಎಡಕ್ಕೆ, ಬೆಳ್ಳಗೆ ದಪ್ಪಗೆ ನಾಕೈದು ಇರ್ತವೆ. ಅವ್ನೂ ತಂದ್ಯಾ?"

"ಇದ್ವು ಅತ್ತೆ, ನೋಡೋಕೆ ಇವಕ್ಕಿಂತ ಚೆನ್ನಾಗಿದ್ವು. ಕಡ್ಡೀಲಿ ಕೆದಕಿ ನೋಡ್ದೆ, ಬೇರು ಇರ್ಲಿಲ್ಲ. ಬಿಟ್ಟು ಬಂದೆ."

ಅತ್ತೆ ನನ್ನ ಮುಖವನ್ನು ಬಹಳ ಹೊತ್ತು ನೋಡಿದರು. ಗಂಟಿನ ಕಡೆ ಕೈ ಚಾಚಲೇ ಇಲ್ಲ. "ಓಗು, ತೊಳ್ದು ಸಾರಿಗಿಕ್ಕು" ಎಂದರು.

ಮಧ್ಯಾಹ್ನದ ಊಟಕ್ಕೆ ನಾದಿನಿ ಮಳವಳ್ಳಿಯಿಂದ ಬಸ್ಸು ಹಿಡಿದು ಬಂದಳು. ಸಾರು ಯಾರು ತಂದ ಅಣಬೆಯದು ಎಂದು ಗೊತ್ತಾದ ಮೇಲೆ ಅವಳ ಮುಖ ಸ್ವಲ್ಪ ಇಳಿಯಿತು. "ಅತ್ಗೆ, ನಿಮ್ ಕತ್ನಲ್ಲಿರೋ ಚಿನ್ನದ ಸರ ಆಮ್ಯಾಕೆ ಯಾರ್ಗೆ ಅಂತ ಈಗ್ಲೇ ಏಳ್ಬುಡಿ" ಎಂದಳು. ನನ್ನ ಗಂಡ ಬೈಕಿನ ಕೀಲಿಯನ್ನು ತಂದು ತಟ್ಟೆಯ ಪಕ್ಕ ಇಟ್ಟುಕೊಂಡರು.

ಕಾನೂನಿನ ಪ್ರಕಾರ ಮೊದಲ ತುತ್ತು ನನ್ನದು. ಗೋಡೆಯ ಹತ್ತಿರ ಅತ್ತೆಯ ಪಕ್ಕದಲ್ಲೇ ಕೂತೆ. ಮೂರು ಜೊತೆ ಕಣ್ಣು ನನ್ನ ಬಾಯಿಯ ಮೇಲೆ. ಮುದ್ದೆ ಮುರಿದು ಸಾರಿನಲ್ಲಿ ಹೊರಳಿಸಿದೆ. ಸಾರು ಚೆನ್ನಾಗಿದೆ ಎಂದು ಮೂಗಿಗೇ ಗೊತ್ತಾಗುತ್ತಿತ್ತು. ತುತ್ತು ಇನ್ನೂ ಬಾಯಿಯ ಹತ್ತಿರ ಬಂದಿರಲಿಲ್ಲ. ಪಕ್ಕದಲ್ಲಿ ಗುಳಕ್ ಎಂದು ಶಬ್ದವಾಯಿತು.

ಅತ್ತೆ ನುಂಗಿಬಿಟ್ಟಿದ್ದರು.

"ಅತ್ತೆ, ತಂದೋಳು ನಾನು" ಎಂದೆ.

ಅವರು ಕೇಳಿಸಿಕೊಳ್ಳಲಿಲ್ಲ. ಒಂದು ಲೋಟ ನೀರು ಕುಡಿದರು. ಗೋಡೆಗೆ ಒರಗಿ ಕಣ್ಣು ಮುಚ್ಚಿದರು. ಆಮೇಲೆ ಒಂದೇ ಒಂದು ಕಣ್ಣು ತೆರೆದು, ಬೇರೆ ಯಾರನ್ನೂ ಅಲ್ಲ, ನನ್ನನ್ನು ನೋಡಿ, "ಉಸ್ರಾಡ್ತಾ ಇವ್ನಿ. ಉಣ್ಣವ್ವ" ಎಂದರು.

ನನಗೆ ತಡೆಯಲಾಗಲಿಲ್ಲ. ಕೈಯಲ್ಲಿ ತುತ್ತು ಹಾಗೇ ಇತ್ತು, ಕಣ್ಣಿಂದ ನೀರು ಬಳಬಳ ಸುರಿಯಿತು. ಅದನ್ನು ಕಂಡದ್ದೇ ನನ್ನ ಗಂಡ ಹೌಹಾರಿ, ಬೈಕಿನ ಕೀಲಿ ಹಿಡಿದು, ತಟ್ಟೆ ದಾಟಿಕೊಂಡು ಎದ್ದೇ ಬಿಟ್ಟರು.

"ಕೂತ್ಕಳ್ಳಾ" ಎಂದರು ಅತ್ತೆ, ಎರಡನೆಯ ತುತ್ತು ಮುರಿಯುತ್ತ. "ಅವ್ಳಿನ್ನೂ ತಿಂದೇ ಇಲ್ಲ."